ದಾಖಲೆಯಲ್ಲಿ ಅರವತ್ತೆಂಟು ಎಕರೆ ಇರುವ ಕೆರೆಯ ಬಗ್ಗೆ

ಮಾನ್ಯ ಕೆರೆ ವಿಭಾಗದ ಮೇಲಧಿಕಾರಿಗಳೇ,

ಹೈದರಾಬಾದಿನ ಉಪ್ಪಲ್ ಆಚೆಯ ನಮ್ಮ ಕೆರೆಯ ಮೀನುಗಳನ್ನು ಕೊಂದವರು ಮೀನುಗಾರರಲ್ಲ. ಕೊಂದದ್ದು ತಮ್ಮ ಕಚೇರಿಯ ಒಂದು ಅಂಕಿ, ಮತ್ತು ಆ ಅಂಕಿಯನ್ನು ನಂಬಿದ ನಾನು. ಇದನ್ನೇ ತೆಲುಗಿನಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆದು ತಮ್ಮ ಕಚೇರಿಗೆ ಕೊಟ್ಟೆ. ಮೂರಕ್ಕೂ ಸೀಲು ಬಿತ್ತು, ಒಂದಕ್ಕೂ ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕನೆಯದನ್ನು ನನ್ನ ಮನೆಮಾತಿನಲ್ಲಿ, ಇಲ್ಲಿನ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ತಮಗೆ ಕನ್ನಡ ಬರುವುದಿಲ್ಲವೆಂದು ಗೊತ್ತು. ಬರುವ ಭಾಷೆಗಳಲ್ಲಿ ಬರೆದಾಗ ತಾವು ಓದಿದ್ದೂ ಅಷ್ಟರಲ್ಲೇ ಇದೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಹೆಸರು ಪ್ರಫುಲ್ಲಾ. ಹುಟ್ಟಿದ್ದು ಕಲಬುರಗಿಯಲ್ಲಿ, ಬದುಕು ಕಟ್ಟಿಕೊಂಡದ್ದು ಹೈದರಾಬಾದಿನಲ್ಲಿ. ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿ ನೀರಿನ ಪಾಚಿ ಕೊಲ್ಲುವ ರಾಸಾಯನಿಕಗಳ ಅಂಗಡಿ ಇಟ್ಟಿದ್ದೇನೆ. ಅಪಾರ್ಟ್‌ಮೆಂಟಿನ ಈಜುಕೊಳ, ಕಚೇರಿಗಳ ನೀರಿನ ಟ್ಯಾಂಕು, ಸರ್ಕಾರದ ಕೆರೆ, ಎಲ್ಲಿ ನೀರು ಹಸಿರಾದರೂ ನನಗೆ ಗಿರಾಕಿ. ಕೆಟ್ಟ ನೀರಿನಿಂದ ಅನ್ನ ಉಂಡವಳು ನಾನು, ಅದನ್ನು ಮುಚ್ಚಿಡುವುದಿಲ್ಲ.

ಹೋದ ವರ್ಷ ಬೇಗಂಪೇಟೆಯ ಹೋಟೆಲೊಂದರಲ್ಲಿ ನಮ್ಮಂಥ ವ್ಯಾಪಾರಿಗಳ ಸಭೆ ನಡೆಯಿತು. ಕೋಟು ತೊಟ್ಟ ಮಹನೀಯರೊಬ್ಬರು ಪರದೆಯ ಮೇಲೆ ಏರುತ್ತಲೇ ಹೋಗುವ ಗೆರೆಯೊಂದನ್ನು ತೋರಿಸಿ, ಪಾಚಿ ನಿಯಂತ್ರಣದ ಮಾರುಕಟ್ಟೆಗೆ ಭಾರೀ ಭವಿಷ್ಯವಿದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ಗೆರೆ ಯಾಕೆ ಏರುತ್ತಿದೆ ಎಂದು ಯಾರೂ ಕೇಳಲಿಲ್ಲ. ಮೋರಿಯ ನೀರು ಕೆರೆಗೆ ಬೀಳುತ್ತದೆ, ಅದನ್ನುಂಡು ಪಾಚಿ ಕೊಬ್ಬುತ್ತದೆ, ಕೊಬ್ಬಿದ ಪಾಚಿಗೆ ನಮ್ಮ ಅಂಗಡಿಯಿಂದ ಔಷಧ ಹೋಗುತ್ತದೆ, ಮರುವರ್ಷ ಮತ್ತದೇ ಕಥೆ. ಮೋರಿಯ ಬಾಯಿ ಮುಚ್ಚಿಸಲು ತಮ್ಮ ವಿಭಾಗಕ್ಕೆ ಪುರುಸೊತ್ತಿಲ್ಲ. ಔಷಧಕ್ಕೆ ಟೆಂಡರು ಕರೆಯುವುದು ಮಾತ್ರ ಒಂದು ವರ್ಷವೂ ತಪ್ಪಿಲ್ಲ. ರೋಗವನ್ನು ಜೋಪಾನವಾಗಿ ಸಾಕಿಕೊಂಡು ಮದ್ದು ಕೊಳ್ಳುವ ಇಂಥ ಗಿರಾಕಿ ಯಾವ ವ್ಯಾಪಾರಿಗೆ ಬೇಡ, ಹೇಳಿ? ನಾವು ತಮ್ಮನ್ನು ದೇವರೆಂದೇ ತಿಳಿದಿದ್ದೆವು.

ನನ್ನ ಅಂಗಡಿಯಲ್ಲಿ ಒಂದು ನಿಯಮವಿದೆ. ನೀರನ್ನು ಅಳೆಯದೆ ಔಷಧ ಕೊಡುವುದಿಲ್ಲ. ಈಜುಕೊಳ ಎಷ್ಟೇ ಚಿಕ್ಕದಿರಲಿ, ಟೇಪು ಹಿಡಿದು ಉದ್ದ ಅಗಲ ನೋಡಿ, ಕೋಲು ಇಳಿಬಿಟ್ಟು ಆಳ ನೋಡಿ, ಆಮೇಲೆಯೇ ಎಷ್ಟು ಹಾಕಬೇಕೆಂದು ಚೀಟಿ ಬರೆಯುತ್ತೇನೆ. ಸರ್ಕಾರಿ ಕೆರೆಗೆ ಮಾತ್ರ ನಮ್ಮ ದಂಧೆಯಲ್ಲಿ ಬೇರೆ ಪದ್ಧತಿ. ಆದೇಶದಲ್ಲಿ ಎಷ್ಟು ಎಕರೆ ಎಂದಿದೆಯೋ ಅಷ್ಟಕ್ಕೇ ಲೆಕ್ಕ. ಅದಕ್ಕಿಂತ ಕಡಿಮೆ ಬರೆದರೆ ಕಾಗದ ತಿರುಗಿ ಬರುತ್ತದೆ, ಕೆರೆಯ ದಂಡೆಗೆ ಹೋಗಿ ನೋಡಿದೆ ಎಂದರೆ ನಗುತ್ತಾರೆ. ಬತುಕಮ್ಮ ಹಬ್ಬಕ್ಕೆ ಹತ್ತು ದಿನ ಇರುವಾಗ ತಮ್ಮ ಆದೇಶ ಬಂತು. ಹೆಂಗಸರು ಹೂವಿನ ಬತುಕಮ್ಮನನ್ನು ಕೆರೆಗೆ ಬಿಡುವ ದಿನ ದೊಡ್ಡವರು ಬರುತ್ತಾರೆ, ಫೋಟೋದಲ್ಲಿ ನೀರು ಹಸಿರು ಕಾಣಬಾರದು. ಆದೇಶದಲ್ಲಿ ಕೆರೆಯ ವಿಸ್ತೀರ್ಣ ಅರವತ್ತೆಂಟು ಎಕರೆ ಎಂದಿತ್ತು. ನಾನು ಅಂಗಡಿಯಲ್ಲಿ ಕೂತಲ್ಲೇ ಅರವತ್ತೆಂಟು ಎಕರೆಗೆ ಪಾಚಿ ಕೊಲ್ಲುವ ಮೈಲುತುತ್ತ ಎಷ್ಟು ಬೇಕೆಂದು ಲೆಕ್ಕ ಹಾಕಿ ಸಹಿ ಮಾಡಿದೆ.

ಆ ಕೆರೆಯ ಮೀನುಗಾರರ ಸಂಘದ ಕಾರ್ಯದರ್ಶಿ ಅಂಬಾದಾಸ. ಅವನ ಅಜ್ಜ ಭೀಮಾ ನದಿಯ ದಂಡೆಯಿಂದ ಬಲೆ ಹೊತ್ತು ಇಲ್ಲಿಗೆ ಬಂದವನು. ಹೊರಗೆ ತೆಲುಗು, ಮನೆಯೊಳಗೆ ನಮ್ಮ ಕಡೆಯ ಕನ್ನಡ. ನಾನು ಕಲಬುರಗಿಯವಳೆಂದು ತಿಳಿದ ದಿನದಿಂದ ನನ್ನನ್ನು ಅಕ್ಕಾ ಎಂದೇ ಕರೆದ. ನಾವು ಮೀನು ತಿನ್ನುವವರಲ್ಲ. ಹಾಗಾಗಿ ವರ್ಷದ ಮೊದಲ ಬಲೆ ಎಳೆದ ದಿನ ಅವನ ಹೆಂಡತಿ ನಳಿನಿ ನಮ್ಮ ಮನೆಗೆ ರೊಟ್ಟಿ, ಪುಂಡಿಪಲ್ಯ ಮಾಡಿ ಕಳಿಸುತ್ತಿದ್ದಳು. ಸಂತೋಷದ ದಿನ ಅಕ್ಕನ ಮನೆಗೆ ಏನೂ ಹೋಗದಿದ್ದರೆ ಹೇಗೆ ಎಂಬುದು ಅವಳ ವಾದ.

ಔಷಧ ಹಾಕುವ ದಿನ ಗೋಣಿಚೀಲಗಳಲ್ಲಿ ಮೈಲುತುತ್ತ ತುಂಬಿ, ತೆಪ್ಪಗಳ ಹಿಂದೆ ಕಟ್ಟಿ, ನೀರಿನಲ್ಲಿ ಕರಗುವಂತೆ ಎಳೆದುಕೊಂಡು ಹೋಗಬೇಕಿತ್ತು. ತೆಪ್ಪ ಯಾರವು? ಸಂಘದವರವೇ. ಹುಟ್ಟು ಹಾಕಿದವರೂ ಅವರೇ. ಅಂಬಾದಾಸ ತೆಪ್ಪ ಹತ್ತುವ ಮೊದಲು ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದ.

"ಅಕ್ಕಾ, ಮೀನಿಗೆ ಏನೂ ಆಗಂಗಿಲ್ಲ ಅಲ್ರಿ?"

"ಏನೂ ಆಗಂಗಿಲ್ಲಪ್ಪಾ. ಲೆಕ್ಕ ನಾನೇ ಹಾಕೀನಿ," ಎಂದೆ.

ಮೂರನೆಯ ದಿನಕ್ಕೆ ನೀರು ತಿಳಿಯಾಯಿತು. ತಮ್ಮವರು ಬಂದು ಫೋಟೋ ತೆಗೆದುಕೊಂಡು, ಭೇಷ್ ಎಂದು ಹೋದರು. ನಾಲ್ಕನೆಯ ಬೆಳಿಗ್ಗೆ ನಳಿನಿಯ ಫೋನು ಬಂತು, ಅಳುವೊಂದೇ ಕೇಳಿಸಿತು, ಮಾತು ತಿಳಿಯಲಿಲ್ಲ. ಹೋಗಿ ನೋಡಿದರೆ ದಂಡೆಯುದ್ದಕ್ಕೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮದ್ದು ಹೆಚ್ಚಾಗಿತ್ತು, ಜೊತೆಗೆ ಪಾಚಿಯೆಲ್ಲ ಒಟ್ಟಿಗೆ ಸತ್ತು ಕೊಳೆತು, ನೀರಿನಲ್ಲಿದ್ದ ಗಾಳಿಯನ್ನೆಲ್ಲ ಹೀರಿಬಿಟ್ಟಿತ್ತು. ಅಂಬಾದಾಸ ಮೊಣಕಾಲುದ್ದ ನೀರಿನಲ್ಲಿ ನಿಂತು, ಮಳೆಗಾಲದ ಮೊದಲಲ್ಲಿ ಬೆರಳುದ್ದದ ಮರಿ ಬಿಟ್ಟು ಬೆಳೆಸಿದ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದ. ನನ್ನನ್ನು ಕಂಡು ಕೈ ನಿಲ್ಲಿಸಿದ.

"ಅಕ್ಕಾ, ಲೆಕ್ಕ ನೀವೇ ಹಾಕಿದ್ರಲ್ಲ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ, ಏನೋ ಅರ್ಥವಾಗದೆ ನಿಜವಾಗಿಯೂ ಕೇಳಿದ. ನಾನು ದಂಡೆಯ ಮೇಲೆ ಕೂತು ಅತ್ತುಬಿಟ್ಟೆ.

ಅಂದೇ ಮಧ್ಯಾಹ್ನ ಟೇಪು ಹಿಡಿದು ಕೆರೆಯ ಸುತ್ತ ನಡೆದೆ. ಮೊದಲೇ ಮಾಡಬೇಕಿದ್ದ ಕೆಲಸ. ನೀರು ನಿಂತದ್ದು ಇಪ್ಪತ್ತಾರು ಎಕರೆ. ಉಳಿದ ನಲವತ್ತೆರಡು ಎಕರೆಯಲ್ಲಿ ಗೋದಾಮುಗಳಿವೆ, ಡಾಂಬರು ರಸ್ತೆಯಿದೆ, ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟಿದೆ. ಅದರ ಈಜುಕೊಳಕ್ಕೆ ಪಾಚಿ ಔಷಧ ಕೊಡುವವಳೂ ನಾನೇ. ಆ ಕೊಳವನ್ನು ಇಂಚಿಂಚು ಅಳೆದಿದ್ದೆ. ಪಕ್ಕದ ಕೆರೆಯನ್ನು ಅಳೆಯಲಿಲ್ಲ. ಕಣ್ಣೆದುರೇ ಕುಗ್ಗಿದ ಕೆರೆಗೆ ಕಾಗದದ ಕೆರೆಯಷ್ಟು ಮದ್ದು ಹಾಕಿಸಿದೆನಲ್ಲ, ನನಗೇನು ಕಣ್ಣಿರಲಿಲ್ಲವೇ? ಇತ್ತು. ಆದೇಶ ಬಂದಾಗ ಅದನ್ನು ಮುಚ್ಚಿಕೊಳ್ಳುವುದು ನಮ್ಮ ದಂಧೆಯಲ್ಲಿ ರೂಢಿ.

ತಮ್ಮ ಕಚೇರಿಯ ವರದಿ ಒಂದು ವಾರದಲ್ಲೇ ಬಂತು. ಇಷ್ಟು ಚುರುಕುತನ ಕಂಡು ಕಣ್ಣು ತುಂಬಿ ಬಂತು. ಮೀನುಗಾರರು ಮೀನಿಗೆ ಮೇವೆಂದು ಕೋಳಿ ಅಂಗಡಿಯ ತ್ಯಾಜ್ಯ ಸುರಿದದ್ದರಿಂದ ಮೀನು ಸತ್ತವಂತೆ, ಆದ್ದರಿಂದ ಸಂಘದ ಮೀನು ಹಿಡಿಯುವ ಹಕ್ಕು ರದ್ದಂತೆ. ನನ್ನ ಚೀಟಿ, ನನ್ನ ಸಹಿ, ನನ್ನ ಅಳತೆ ಎಲ್ಲ ತಂದು ತಮ್ಮ ಕೈಕೆಳಗಿನವರೊಬ್ಬರ ಮುಂದಿಟ್ಟೆ. ಒಳ್ಳೆಯ ಮನುಷ್ಯ, ಚಹಾ ತರಿಸಿಕೊಟ್ಟರು. ಇಪ್ಪತ್ತಾರು ಎಂದು ಬರೆದರೆ ಉಳಿದದ್ದು ಎಲ್ಲಿ ಹೋಯಿತೆಂದು ಕೇಳುತ್ತಾರಮ್ಮಾ ಎಂದರು. ಕೇಳಲಿ ಎಂದೇ ಬಂದಿದ್ದೇನೆ ಎಂದೆ. ಅವರು ಕಾಗದಗಳನ್ನು ಮಡಚಿ ನನ್ನ ಕೈಗೇ ಕೊಟ್ಟರು.

ಅಂಬಾದಾಸ ಈಗ ಆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ. ಹೋದ ತಿಂಗಳು ಕೊಳಕ್ಕೆ ಔಷಧ ಕೊಡಲು ಹೋದಾಗ ನೀಲಿ ಸಮವಸ್ತ್ರದಲ್ಲಿ ನಿಂತಿದ್ದ. ಆ ದಂಡೆಯ ಬೆಳಗಿನ ನಂತರ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಬಂದವರ ಪುಸ್ತಕ ತೆರೆದು ನನ್ನ ಹೆಸರು ತಾನೇ ಬರೆದುಕೊಂಡ. ಬಂದ ಕಾರಣ ಕೇಳಿದ. ಈಜುಕೊಳದ ಪಾಚಿ ಎಂದೆ. ಅದನ್ನೂ ಬರೆದುಕೊಂಡು, ಗೇಟು ತೆಗೆದು, ತಲೆ ಎತ್ತದೆ ಹೇಳಿದ.

"ಅಳದು ಹಾಕ್ರಿ, ಅಕ್ಕಾ. ಒಳಗ ಸಣ್ಣ ಹುಡುಗ್ರು ಈಜಾಕತ್ತಾವ."

ಅಷ್ಟಾದ ಮೇಲೂ ಅಕ್ಕಾ ಎಂದ. ಅದನ್ನು ನಾನು ಎಲ್ಲಿಟ್ಟುಕೊಳ್ಳಲಿ, ಸ್ವಾಮಿ? ಅಂದಿನಿಂದ ಅಂಗಡಿಯಲ್ಲಿ ಕೂತರೂ ಅದೇ, ಮನೆಯಲ್ಲಿ ಉಣ್ಣಲು ಕೂತರೂ ಅದೇ.

ಆದ್ದರಿಂದ ಕೇಳುತ್ತಿದ್ದೇನೆ. ಕೋಳಿ ತ್ಯಾಜ್ಯದ ಸುಳ್ಳನ್ನು ಹಿಂತೆಗೆದುಕೊಳ್ಳಿ. ಅಪರಾಧಿ ಬೇಕೇ ಬೇಕೆಂದಿದ್ದರೆ ಆ ಜಾಗದಲ್ಲಿ ನನ್ನ ಹೆಸರು ಬರೆಯಿರಿ, ನನ್ನ ಅಂಗಡಿಯನ್ನು ಕಪ್ಪುಪಟ್ಟಿಗೆ ಸೇರಿಸಿ, ನಾನು ತಕರಾರು ಮಾಡುವುದಿಲ್ಲ. ಕೆರೆಯ ಪುಸ್ತಕದಲ್ಲಿ ಒಂದಲ್ಲ, ಎರಡು ಅಂಕಿ ಬರೆಯಿರಿ. ಇದ್ದದ್ದು ಅರವತ್ತೆಂಟು, ಉಳಿದದ್ದು ಇಪ್ಪತ್ತಾರು. ಅದನ್ನು ಬರೆಯಲು ಕೈ ಬರುವುದಿಲ್ಲವೆಂದರೆ, ತಮ್ಮ ದಾಖಲೆಯ ಮಾತನ್ನೇ ನಾನೂ ಒಪ್ಪಿಕೊಳ್ಳುತ್ತೇನೆ. ಆ ದಾಖಲೆಯ ಪ್ರಕಾರ ಅಪಾರ್ಟ್‌ಮೆಂಟಿನ ಗೇಟು ಇರುವುದು ಕೆರೆಯ ನೀರಿನ ನಡುವೆ. ಹಾಗಿದ್ದ ಮೇಲೆ ಅಂಬಾದಾಸ ದಿನವೂ ಕೆರೆಯಲ್ಲೇ ನಿಂತಿದ್ದಾನೆ. ಅವನ ಬಲೆಯನ್ನಷ್ಟೇ ವಾಪಸು ಕೊಡಿ.

ಇಂತಿ,
ಕೆರೆಯನ್ನು ಅಳೆಯದೆ ಸಹಿ ಮಾಡಿದ,
ಪ್ರಫುಲ್ಲಾ
ಹಿಮಾಯತ್‌ನಗರ, ಹೈದರಾಬಾದು