ಕಣ್ಣಾರೆ ನೋಡೀನಿ

ಜೂನ್ 3, ಮಂಗಳವಾರ

ನಲವತ್ತೆರಡು ಮೇಲ್ ಕಳಿಸಿದೆ. ಉತ್ತರ ಎರಡು. ಒಬ್ಬ ಬೈದಿದ್ದಾನೆ, ಇನ್ನೊಬ್ಬ ಲಿಂಕ್ ಹಾಕಲು ಎಷ್ಟು ರೊಕ್ಕ ಅಂತ ರೇಟ್ ಕಾರ್ಡ್ ಕಳಿಸಿದ್ದಾನೆ. ಆಫೀಸಿನ ಎಸಿ ಕೆಟ್ಟು ನಾಲ್ಕು ದಿನ. ಕೊರಿಯರ್‌ನವನ ರಿಜಿಸ್ಟರ್‌ನಲ್ಲಿ ಸೋನಾಲಿ ಅಂತ ಸಹಿ ಹಾಕಿಬಿಟ್ಟೆ. ಹೊಡೆದುಹಾಕಿ ಶಿವಕುಮಾರಿ ಅಂತ ಬರೆದೆ. ಮೇಲ್‌ಗಳಿಗೆ ಸೋನಾಲಿ ಅನ್ನೋ ಹೆಸರಿಟ್ಟವನು ಮನೀಶ್ — ನಮ್ಮ ಬಾಸ್. ಶಿವಕುಮಾರಿ ಉದ್ದ ಆಯ್ತಂತೆ, ರಿಪ್ಲೈ ಬರಲ್ಲವಂತೆ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು, ದಿನಾ ಎಂಟು ತಾಸು ಅಷ್ಟೊಂದು ಪತ್ರ ಯಾರಿಗೆ ಬರೀತಿ ಅಂತ. ಹೇಳಿದೆ. ಗೂಗಲ್‌ಗೆ ಯಾವ ಸೈಟ್ ಚಲೋ ಅಂತ ತಾನಾಗಿ ಗೊತ್ತಾಗೂದಿಲ್ಲ. ನಾಕು ಮಂದಿ ತಮ್ಮ ಪೇಜಿನಲ್ಲಿ "ಅಲ್ಲಿ ಹೋಗ್ರಿ" ಅಂತ ದಾರಿ ತೋರಿಸಿದರೆ ನಂಬುತ್ತದೆ. ತೋರಿಸಿದವರು ಮರ್ಯಾದಸ್ಥರಾದರೆ ಇನ್ನೂ ಜಾಸ್ತಿ ನಂಬಿ, ಆ ಸೈಟನ್ನು ಮೇಲೆ ತರುತ್ತದೆ. ಆ ದಾರಿಗೆ ಲಿಂಕ್ ಅಂತಾರೆ. ಮಂದೀ ಕಡೆಯಿಂದ ಅದನ್ನ ಹಾಕಿಸೋದು ನನ್ನ ಕೆಲಸ.

"ಕನ್ಯಾ ತೋರಸೂಮುಂದ ಓಣಿಯವ್ರ ಕಡಿಂದ ಹೇಳಸ್ತಾರಲ್ಲ, ಹಂಗ," ಅಂದಳು.

ಹಂಗೇ. ನಾನು ಮೂರು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವ ಕ್ಲೈಂಟ್‌ಗೂ ಹೇಳಿಲ್ಲ.

ಹೊಸ ಕ್ಲೈಂಟ್ ಬಂದಿದೆ. ಛಾಂವ್‌ಘರ್. ಊರಿಂದ ಮುಂಬೈಗೆ ಚಿಕಿತ್ಸೆಗೆ ಬರುವವರಿಗೆ ದಾದರ್-ಪರೇಲ್ ಕಡೆ ರೂಮು. ಆರು ವಾರದಲ್ಲಿ ಹನ್ನೆರಡು ಲಿಂಕ್.

ಜೂನ್ 5, ಗುರುವಾರ

ಇವತ್ತು ಬಂಗಾರ ಸಿಕ್ಕಿತು. ಒಂದು ಕನ್ನಡ ಪೇಜು — "ಮುಂಬೈಗೆ ಔಷಧೋಪಚಾರಕ್ಕೆ ಬರುವ ನಮ್ಮ ಜನರಿಗೆ". ಮಾಡಿದವರು ಚೆಂಬೂರಿನ ಮುರಿಗೆಪ್ಪ, ನಿವೃತ್ತ ಗುಮಾಸ್ತರು. ಹೆಂಡತಿಯನ್ನ ಕರೆದುಕೊಂಡು ಎರಡು ವರ್ಷ ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಿದ್ದಾರೆ. ಆಕೆ ಉಳಿಯಲಿಲ್ಲ. ಆಮೇಲೆ ಈ ಪೇಜು. ಒಂಬತ್ತು ವರ್ಷವಾಯಿತು. ಯಾವ ಧರ್ಮಶಾಲೆಯಲ್ಲಿ ಬಿಸಿನೀರು ಸಿಗುತ್ತದೆ, ಎಲ್ಲಿ ಒಲೆ ಹಚ್ಚಲು ಬಿಡುತ್ತಾರೆ, ಯಾವ ಗೇಟಿನಲ್ಲಿ ಯಾವ ಕಾಗದ... ಅಕ್ಷರ ದಪ್ಪ, ಬಣ್ಣ ಕೆಟ್ಟದು. ಆದರೆ ಜಿಲ್ಲೆಯ ಪೇಪರಿನವರು, ಡಾಕ್ಟರರು, ಮಠದವರು ಎಲ್ಲ ಇದಕ್ಕೆ ಲಿಂಕ್ ಕೊಟ್ಟಿದ್ದಾರೆ. ಯಾರೂ ಕೇಳದೆ. ಇಂಥ ಪೇಜಿನ ಒಂದು ಲಿಂಕು ನಮ್ಮ ನೂರಕ್ಕೆ ಸಮ.

ಒಂಬತ್ತನೆಯ ಸಾಲಿನ ಲಿಂಕ್ ಸತ್ತಿದೆ. ದಾದರಿನ ಒಂದು ಧರ್ಮಶಾಲೆ, ಮುಚ್ಚಿಹೋಗಿದೆ. ಇದೇ ನಮ್ಮ ಸಂದು. "ನಿಮ್ಮ ಪೇಜಿನಲ್ಲಿ ಒಂದು ಲಿಂಕ್ ಕೆಲಸ ಮಾಡ್ತಿಲ್ಲ, ಅದರ ಬದಲು ಇದನ್ನ ಹಾಕಿ." ಉಪಕಾರ ಮಾಡಿದ ಹಾಗೆ ಕಾಣಿಸುತ್ತದೆ.

ಎಲ್ಲರಿಗೂ ಕಳಿಸುವ ಇಂಗ್ಲಿಷ್ ಟೆಂಪ್ಲೇಟನ್ನೇ ಕಳಿಸಿದೆ.

ಜೂನ್ 9, ಸೋಮವಾರ

ಉತ್ತರ ಇಲ್ಲ. ಮನೀಶ್ ನನ್ನ ಕುರ್ಚಿಯ ಹಿಂದೆ ನಿಂತು ಪೇಜು ನೋಡಿದ. ತೇರೀ ಹೀ ಭಾಷಾ ಹೈ ನಾ, ಉಸೀ ಮೇ ಲಿಖ್, ಅಂದ.

ಬರೆದೆ. ಮೇಲ್ ಕನ್ನಡದಲ್ಲಿ ಬರೆದದ್ದು ಇದೇ ಮೊದಲು. ನಾವೂ ವಿಜಯಪುರದ ಕಡೆಯವರು, ನಮ್ಮ ಸೋದರಮಾವನಿಗೆ ಗಂಟಲ ಕ್ಯಾನ್ಸರ್, ನಿಮ್ಮ ಪೇಜಿನಿಂದ ಬಹಳ ಉಪಕಾರವಾಯಿತು, ದಾದರಿನ ಆ ಧರ್ಮಶಾಲೆ ಮುಚ್ಚಿದ್ದಕ್ಕೆ ನಾವು ಛಾಂವ್‌ಘರ್‌ನಲ್ಲಿ ಇಳಿದೆವು. ಹನ್ನೊಂದು ಸಾಲು. ಅವ್ವನಿಗೆ ಅಣ್ಣತಮ್ಮಂದಿರೇ ಇಲ್ಲ.

ಬರೆಯುವಾಗ ಕಷ್ಟ ಆಗಲಿಲ್ಲ. ಅದನ್ನ ಇಲ್ಲಿ ಬರೆದಿಡುತ್ತೇನೆ. ಸಲೀಸಾಗಿ ಬಂತು.

ಜೂನ್ 10, ಮಂಗಳವಾರ

ಬೆಳಿಗ್ಗೆ ಆರಕ್ಕೇ ಉತ್ತರ ಕಳಿಸಿದ್ದಾರೆ. ಎರಡು ಪುಟ. ಮಾವನ ಹೆಸರು ಕೇಳಿದ್ದಾರೆ, ಗಂಟಲ ರೇಡಿಯೇಶನ್ ಆದವರಿಗೆ ಜೋಳದ ಗಂಜಿ ಹೇಗೆ ಸೋಸಿ ಕೊಡಬೇಕು ಅಂತ ಬರೆದಿದ್ದಾರೆ. ಕೊನೆಗೆ:

"ತಂಗೀ, ನಾನು ಸ್ವತಃ ಹೋಗಿ ನೋಡದ ಜಾಗವನ್ನು ಇಲ್ಲಿವರೆಗೂ ಹಾಕಿಲ್ಲ. ಈಗ ಮೊಣಕಾಲು ಕೈಕೊಟ್ಟಿವೆ, ದಾದರ್ ಸ್ಟೇಷನ್ನಿನ ಜಿನೆ-ಮೆಟ್ಟಿಲು ಹತ್ತಲಾಗುವುದಿಲ್ಲ. ನೀವು ನಮ್ಮ ಕಡೆಯವರು. ನೀವು ಕಣ್ಣಾರೆ ನೋಡಿದ್ದರೆ ಒಂದು ಮಾತು ಬರೆಯಿರಿ, ಅಷ್ಟು ಸಾಕು."

ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ.

ಜೂನ್ 11, ಬುಧವಾರ

ಆ ಜಾಗ ನಿಜವಾಗಿ ಇದೆಯಾ ಅಂತ ಮನೀಶ್‌ನನ್ನು ಕೇಳಿದೆ. ಫೋಟೋ ಹೈ, ಅಡ್ರೆಸ್ ಹೈ, ಔರ್ ಕ್ಯಾ ಚಾಹಿಯೇ, ಇನ್ನೇನು ಬೇಕು ಅಂದ. ಸಂಜೆ ಆಫೀಸ್ ಬಿಟ್ಟು ಮಲಾಡಿನಿಂದ ಲೋಕಲ್ ಹಿಡಿದರೆ ಅರ್ಧ ತಾಸಿಗೆ ದಾದರ್. ಹೋಗಿ ನೋಡಿಕೊಂಡು ಬರಬಹುದಿತ್ತು. ಮಳೆ ಇತ್ತು. ಗರ್ದಿ ಇತ್ತು. ವಾರದ ರಿಪೋರ್ಟ್ ನಾಳೆ ಇತ್ತು.

"ಕಣ್ಣಾರೆ ನೋಡೀನಿ ಕಾಕಾ" ಅಂತ ಬರೆದೆ.

ಒಂದು ತಾಸಿನೊಳಗೆ ಅವರ ಪೇಜಿನಲ್ಲಿ ಲಿಂಕ್ ಬಂತು. ಪಕ್ಕದಲ್ಲಿ ಅವರದೇ ಷರಾ: "ನಮ್ಮ ಭಾಗದ ಸೋನಾಲಿ ತಂಗಿ ಸ್ವತಃ ಇದ್ದು ನೋಡಿದ ಜಾಗ."

ಜುಲೈ 8, ಮಂಗಳವಾರ

ಛಾಂವ್‌ಘರ್ ಗೂಗಲ್‌ನ ಮೊದಲ ಪೇಜಿಗೆ ಬಂತು. ಕನ್ನಡದಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮೇಲೆ. ಮನೀಶ್ ಸಮೋಸಾ ತರಿಸಿದ, ಬೋರ್ಡ್ ಮೇಲೆ ನನ್ನ ಹೆಸರು ಬರೆದ — ಶಿವಕುಮಾರಿ, ಹನ್ನೆರಡಕ್ಕೆ ಹನ್ನೆರಡು. ಖುಷಿ ಆಯಿತು. ಆಗಲಿಲ್ಲ ಅಂದರೆ ಸುಳ್ಳು.

ಜುಲೈ 22, ಮಂಗಳವಾರ

ಮುರಿಗೆಪ್ಪನವರ ಮೇಲ್. ಪೂರ್ತಿ ಇಲ್ಲಿ ಇಳಿಸಿಕೊಳ್ಳುತ್ತೇನೆ.

"ತಂಗೀ ಸೋನಾಲಿ, ಇಂಡಿ ತಾಲೂಕಿನ ಅಣವೀರಪ್ಪ ಮತ್ತು ಅವರ ಹೆಂಡತಿ ಮಲ್ಲಕ್ಕ ಶುಕ್ರವಾರ ಬಂದರು. ಛಾಂವ್‌ಘರ್‌ಗೆ ಒಂದು ತಿಂಗಳ ರೊಕ್ಕ ಮೊದಲೇ ಕಟ್ಟಿದ್ದರು. ಆ ವಿಳಾಸಕ್ಕೆ ಹೋದರೆ ರೂಮು ಇಲ್ಲ. ಫೋನು ಬಂದ್. ಊರವರಿಗೆ ಹೇಳಲು ನಾಚಿಕೊಂಡು ಮೂರು ರಾತ್ರಿ ಆಸ್ಪತ್ರೆಯ ಹೊರಗೆ ಫುಟ್‌ಪಾತಿನಲ್ಲಿ ತಾಡಪತ್ರಿ ಕಟ್ಟಿಕೊಂಡು ಮಲಗಿದ್ದಾರೆ. ಮಳೆ. ಆಕೆಗೆ ಜ್ವರ ಏರಿ ಎದೆಯಲ್ಲಿ ಕಫ ತುಂಬಿದೆ. ನಾಳೆ ಆಪರೇಷನ್ ಇತ್ತು. ಡಾಕ್ಟರು ಮುಂದಕ್ಕೆ ಹಾಕಿದ್ದಾರೆ. ಈಗ ನನ್ನ ಮನೆಯಲ್ಲಿದ್ದಾರೆ. ನಿಮಗೂ ಮೋಸ ಆಗಿರಬೇಕು, ಅಥವಾ ಅವರು ಜಾಗ ಬದಲಿಸಿರಬೇಕು. ನೀವು ಇದ್ದಾಗ ಅದು ಎಲ್ಲಿತ್ತು? ಎದುರಿಗೆ ಏನಿತ್ತು? ಗುರುತು ಬರೆಯಿರಿ. ಹೇಗಾದರೂ ಮಾಡಿ ನಾನೇ ಹೋಗಿ ಹುಡುಕುತ್ತೇನೆ."

ಗುರುತು ಕೇಳಿದ್ದಾರೆ. ನನ್ನ ಹತ್ತಿರ.

ಜುಲೈ 23, ಬುಧವಾರ

ಮನೀಶ್‌ಗೆ ತೋರಿಸಿದೆ. ಓದಿ ಹೇಳಿದೆ. ಅವನು ಕುರ್ಚಿ ಹಿಂದಕ್ಕೆ ಸರಿಸಿ, ರಿಪ್ಲೈ ಮತ್ ಕರ್, ಉತ್ತರಾನೇ ಕೊಡಬೇಡ, ಅಂದ. ಕ್ಲೈಂಟ್ ತನ್ನ ಫೋನೂ ಎತ್ತುತ್ತಿಲ್ಲವಂತೆ. ನಾವು ಲಿಂಕ್ ಹಾಕಿಸಿದ್ದೀವಿ, ರೂಮ್ ಮಾರಿಲ್ಲ, ಅಂದ. ಸಂಜೆಯೊಳಗೆ ಸೋನಾಲಿಯ ಮೇಲ್ ಐಡಿ ಬಂದ್ ಮಾಡಿಸಿದ. ಮುರಿಗೆಪ್ಪನವರ ಫೋನ್ ನಂಬರು, ಮನೆ ವಿಳಾಸ ಅವರ ಪೇಜಿನಲ್ಲೇ ಇವೆ. ಬರೆದುಕೊಂಡೆ.

ಜುಲೈ 26, ಶನಿವಾರ

ರಜೆ ಹಾಕಿ ಮೊದಲು ದಾದರಿಗೆ ಹೋದೆ. ಫೂಲ್ ಮಾರ್ಕೆಟ್ ಹಿಂದಿನ ಗಲ್ಲಿ. ನಂಬರು ಸರಿ ಇದೆ. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಗೋದಾಮು. ಛಾಂವ್‌ಘರ್ ಅನ್ನುವುದರೊಳಗೆ ಝೆರಾಕ್ಸಿನವನು ಕೈ ಮುಗಿದ. ದಿನಾ ಒಬ್ಬರು ಬ್ಯಾಗು ಹೊತ್ತು ಬರ್ತಾರೆ ತಾಯೀ, ನಾನು ಏನಂತ ಹೇಳಲಿ, ಅಂದ ಮರಾಠಿಯಲ್ಲಿ. ನಾನು ಆ ಗಲ್ಲಿಯಲ್ಲಿ ಎಂಟು ನಿಮಿಷ ಕೂಡ ನಿಲ್ಲಲಿಲ್ಲ. ಆವತ್ತು ಬಂದಿದ್ದರೂ ಇಷ್ಟೇ ಹೊತ್ತು ಸಾಕಿತ್ತು.

ಅಲ್ಲಿಂದ ಕುರ್ಲಾ, ಹಾರ್ಬರ್ ಲೈನಿನಲ್ಲಿ ಚೆಂಬೂರು. ಕಾಲನಿಯ ಹಳೇ ಬಿಲ್ಡಿಂಗ್, ಗ್ರೌಂಡ್ ಫ್ಲೋರ್. ಬಾಗಿಲು ತೆಗೆದವರು ತೆಳ್ಳಗಿನ ಮುದುಕರು. ಒಳಗೆ ಒಂದೇ ಕೋಣೆ, ಮಂಚದ ಮೇಲೆ ಮಲ್ಲಕ್ಕ. ನನ್ನ ಅವ್ವನಷ್ಟೇ ವಯಸ್ಸು. ಉಸಿರು ತೆಗೆದುಕೊಂಡಾಗಲೆಲ್ಲ ಶಬ್ದ. ಅಣವೀರಪ್ಪ ಕೆಳಗೆ ಕೂತು ಆಕೆಯ ಅಂಗಾಲು ತಿಕ್ಕುತ್ತಿದ್ದರು.

ಸೋನಾಲಿ ನಾನೇ ಅಂದೆ. ಮುರಿಗೆಪ್ಪ ಕುರ್ಚಿ ಎಳೆದು ಕೂಡಿಸಿದರು, ಮಳೆಯಲ್ಲಿ ಯಾಕೆ ಬಂದಿ, ಮೇಲ್ ಹಾಕಿದ್ರ ಸಾಕಿತ್ತಲ್ಲ ಅಂದರು. ಮೊದಲು ಕೇಳಿದ್ದು ಮಾವನನ್ನು.

"ಮಾವ ಹ್ಯಾಂಗ ಅದಾರ ಈಗ?"

"ಮಾವ ಇಲ್ರೀ."

ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಯಾವಾಗ ತೀರಿಕೊಂಡ್ರು?"

"ತೀರಿಕೊಂಡಿಲ್ರಿ. ನನಗ ಮಾವ ಅಂತ ಯಾರೂ ಇರಲೇ ಇಲ್ಲ."

ಆಮೇಲೆ ಎಲ್ಲಾ ಹೇಳಿದೆ. ಸೋನಾಲಿ ನನ್ನ ಹೆಸರಲ್ಲ ಅನ್ನೋದು, ಅದು ನನ್ನ ಕೆಲಸ ಅನ್ನೋದು, ಆ ಜಾಗ ನೋಡಿದ್ದು ಇವತ್ತೇ ಅನ್ನೋದು. ಅಣವೀರಪ್ಪನವರಿಗೆ ಪೂರ್ತಿ ಅರ್ಥವಾಗಲಿಲ್ಲ. ಈ ತಂಗಿ ಆ ರೂಮಿನ ಆಫೀಸಿನಾಕೇನ್ರಿ, ರೊಕ್ಕ ತಿರುಗಿ ಕೊಡಸ್ತಾಳೇನು ಅಂತ ಮುರಿಗೆಪ್ಪನವರನ್ನು ಕೇಳಿದರು.

ಕೊನೆಗೆ ಮುರಿಗೆಪ್ಪ ಗೋಡೆ ನೋಡುತ್ತಲೇ ಹೇಳಿದರು. "ಇಂಗ್ಲಿಷ್ ಪತ್ರಾ ದಿನಾ ಹತ್ತ ಬರತಾವು, ಓದೂದಿಲ್ಲ ನಾ. ನೀ ನಮ್ಮ ಮಾತಿನ್ಯಾಗ ಬರದಿ ಅಂತ ಓದಿದೆ."

ಎದ್ದು ಬಂದೆ.

ಆಗಸ್ಟ್ 4, ಸೋಮವಾರ

ಛಾಂವ್‌ಘರ್‌ಗೆ ಲಿಂಕ್ ಕೊಟ್ಟ ಉಳಿದ ಹನ್ನೊಂದು ಕಡೆಗೂ ಬರೆದೆ. ನನ್ನ ಹೆಸರಲ್ಲಿ, ನನ್ನ ನಂಬರ್ ಹಾಕಿ. ಅದು ಮೋಸದ ಸೈಟ್, ಲಿಂಕ್ ತೆಗೆಯಿರಿ. ಮೂವರು ತೆಗೆದರು. ಒಬ್ಬ ತೆಗೆಯಲು ಫೀ ಕೇಳಿದ. ಏಳು ಜನರಿಂದ ಉತ್ತರವೇ ಇಲ್ಲ. ಹಾಕಿಸುವಾಗ ಎಷ್ಟು ಸಲ ಬರೆದರೂ ಬೇಸರ ಮಾಡಿಕೊಳ್ಳದವರು.

ಅವರಲ್ಲೊಬ್ಬ ಮನೀಶ್‌ಗೆ ಫೋನ್ ಮಾಡಿದ್ದಾನೆ. ಮಧ್ಯಾಹ್ನ ಕರೆದು ಲ್ಯಾಪ್‌ಟಾಪ್ ಇಟ್ಟು ಹೋಗು ಅಂದ. ಜಗಳ ಆಡಲಿಲ್ಲ. ಅವ್ವನಿಗೆ ರಿಸೆಶನ್ ಅಂತ ಹೇಳಿದ್ದೇನೆ. ಇನ್ನೂ ಒಂದು ಸುಳ್ಳು.

ಆಗಸ್ಟ್ 13, ಬುಧವಾರ

ಮುರಿಗೆಪ್ಪನವರ ಪೇಜು ಇಲ್ಲ. ಬರೀ ಒಂದು ಸಾಲು ಇದೆ: "ಈ ಪುಟವನ್ನು ನಿಲ್ಲಿಸಿದ್ದೇನೆ. ಯಾವುದೇ ಜಾಗದ ಬಗ್ಗೆ ಇನ್ನು ನನ್ನನ್ನು ಕೇಳಬೇಡಿರಿ."

ಒಂಬತ್ತು ವರ್ಷದ ಬಿಸಿನೀರು, ಒಲೆ, ಗೇಟು, ಕಾಗದ — ಎಲ್ಲಾ ಹೋಯಿತು. ಅವೆಲ್ಲ ಖರೆ ಇದ್ದವು.

ಆದರೆ ಹುಡುಕಿದರೆ ಅದೇ ಪೇಜು ಬೇರೆ ನಾಲ್ಕು ಸೈಟುಗಳಲ್ಲಿ ಸಿಗುತ್ತದೆ. ಯಾರೋ ಜೂನ್ ಕೊನೆಗೆ ಪೂರ್ತಿ ಕದ್ದು ಹಾಕಿಕೊಂಡಿದ್ದಾರೆ. ಒಂಬತ್ತನೆಯ ಸಾಲು, ಛಾಂವ್‌ಘರ್, "ಸೋನಾಲಿ ತಂಗಿ ಸ್ವತಃ ಇದ್ದು ನೋಡಿದ ಜಾಗ", ಕೆಳಗೆ ಮುರಿಗೆಪ್ಪನವರ ಫೋನ್ ನಂಬರು. ನಾಲ್ವರಿಗೂ ಬರೆದೆ. ಆ ಸೈಟುಗಳಿಗೆ ಯಜಮಾನರೇ ಇಲ್ಲ. ಮೇಲ್ ವಾಪಸ್ ಬಂದವು.

ಆಗಸ್ಟ್ 25, ಸೋಮವಾರ. ಬೆಳಿಗ್ಗೆ 11

ಮುರಿಗೆಪ್ಪನವರ ಫೋನ್. ಚೆಂಬೂರಿನಿಂದ ಬರುವಾಗ ಅವರ ಟೇಬಲ್ ಮೇಲೆ ನಂಬರು ಬರೆದಿಟ್ಟಿದ್ದೆ, ಹರಿದುಹಾಕಿರಬೇಕು ಅಂದುಕೊಂಡಿದ್ದೆ.

ಮಲ್ಲಕ್ಕ ನಿನ್ನೆ ತೀರಿಕೊಂಡರು. ಊರಲ್ಲಿ. ಹೊಸ ತಾರೀಖು ಸೆಪ್ಟೆಂಬರ್ ಕೊನೆಗೆ ಸಿಕ್ಕಿತ್ತಂತೆ, ಅಲ್ಲಿವರೆಗೆ ಇನ್ನೊಬ್ಬರ ಮನೆಯಲ್ಲಿ ಹೇಗೆ ಇರೋದು ಅಂತ ಅಣವೀರಪ್ಪ ಕರೆದುಕೊಂಡು ಹೋಗಿದ್ದರಂತೆ.

ನಾನು ಏನೋ ಹೇಳಲು ಹೋದೆ.

"ಅದನ್ನ ಕೇಳಾಕ ಫೋನ್ ಮಾಡಿಲ್ಲ," ಅಂದರು.

ಸಿಂದಗಿ ಕಡೆಯ ಒಬ್ಬ ಶರಣಬಸಪ್ಪ, ತಾಯಿಯನ್ನ ಕರೆದುಕೊಂಡು ಇವತ್ತು ಗಾಡಿ ಹತ್ತುತ್ತಾನೆ. ಆ ಕದ್ದ ಪೇಜು ನೋಡಿ ಛಾಂವ್‌ಘರ್‌ಗೆ ರೊಕ್ಕ ಕಟ್ಟಿದ್ದಾನೆ. ದಾದರಿನಲ್ಲಿ ಇಳಿದು ಅಲ್ಲಿಗೆ ಯಾವ ಬಸ್ಸು ಅಂತ ಕೇಳಲು ಇವರಿಗೆ ಫೋನ್ ಮಾಡಿದ್ದ. ಬರಬೇಡ ಅನ್ನಲು ಆಗುವುದಿಲ್ಲ, ಆಸ್ಪತ್ರೆಯ ತಾರೀಖು ಗುರುವಾರಕ್ಕಿದೆ. ರೂಮು ಇಲ್ಲ ಅಂತ ಹೇಳಿದರೆ ಹೊರಡುವುದೇ ಇಲ್ಲ. ಅದಕ್ಕೆ ಹೇಳಿಲ್ಲ. ಸ್ಟೇಷನ್‌ಗೆ ಒಬ್ಬರು ಬರ್ತಾರ ಅಂತಷ್ಟೇ ಹೇಳಿದ್ದಾರೆ.

"ನೀ ಹೋಗು. ನಿನ್ನ ನಂಬಿ ಹೇಳಾಕತ್ತಿಲ್ಲ. ನನಗ ಜಿನೆ ಹತ್ತಾಕ ಆಗೂದಿಲ್ಲ, ಅಷ್ಟ. ಇಲ್ಲಿ ನನ್ನ ಮನೀಗೆ ಕರಕೊಂಡ ಬಾ."

ಅವರಿಗೆ ಏನಂತ ಹೇಳಲಿ ಅಂದೆ.

"ಆದದ್ದು ಹೇಳು," ಅಂದು ಇಟ್ಟರು.

ಆಗಸ್ಟ್ 26, ಮಂಗಳವಾರ. ದಾದರ್, ಬೆಳಿಗ್ಗೆ 7.10

ಗಾಡಿ ನಲವತ್ತು ನಿಮಿಷ ಲೇಟ್. ನಾಳೆ ಗಣಪತಿ ಹಬ್ಬ, ಪ್ಲಾಟ್‌ಫಾರ್ಮ್ ತುಂಬ ಹೂವಿನ ಗಂಟು, ಕಾಲಿಡಲು ಜಾಗ ಇಲ್ಲ. ಬೆಂಚಿನ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮುರಿಗೆಪ್ಪನವರಿಂದ ನಂಬರು ತಗೊಂಡು ಶರಣಬಸಪ್ಪನಿಗೆ ನಾನು ಕೂತ ಬೆಂಚಿನ ಗುರುತು ಕಳಿಸಿದ್ದೆ, ಈಗ ಅವನ ಮೆಸೇಜ್ ಬಂತು. ಎಸ್ ಐದು ಡಬ್ಬಿ, ತಾಯಿಗೆ ಹಸಿರು ಇಳಕಲ್ ಸೀರೆ. ಕುರ್ಲಾ ದಾಟಿದೆವು ಅಕ್ಕಾ, ಅವ್ವ ರೂಮಿಗೆ ಹೋಗಿ ಮೊದಲು ಜಳಕ ಮಾಡಬೇಕಂತಾಳ, ಅಲ್ಲಿ ಬಿಸಿನೀರು ಇರತಾವಲ್ಲ?

ಏನಂತ ಬರೆಯೋದು. ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ.

ಮೊದಲು ಹೆಸರು ಹೇಳಬೇಕು, ನನ್ನದೇ. ಆಮೇಲೆ ರೂಮು ಇಲ್ಲ ಅಂತ. ಆಮೇಲೆ ಯಾಕೆ ಇಲ್ಲ ಅಂತ. ಅವನು ಬೈದರೆ ಬೈಯಲಿ. ಆದರೆ ಅವನ ತಾಯಿ ಎದುರಿಗೆ...

ಗಾಡಿ ಬರ್ತಿದೆ. ಎಸ್ ಎರಡು. ಎಸ್ ಮೂರು. ಎಸ್ ಐದರ ಬಾಗಿಲಲ್ಲೇ ನಿಂತಿದ್ದಾನೆ, ಆಗಲೇ ಕೈ ಎತ್ತಿದ್ದಾನೆ. ಹಿಂದೆ ಹಸಿರು ಸೀರೆ, ಎದೆಗೆ ಆಸ್ಪತ್ರೆಯ ಫೈಲು ಹಿಡಿದು, ನನ್ನನ್ನೇ ನೋಡಿ ನಗುತ್ತಿದ್ದಾಳೆ. ಪುಸ್ತಕ ಮುಚ್ಚಿ ಏಳುತ್ತೇನೆ, ಮೊದಲು ಹೆಸರು.