ಸ್ಟೂಲು ಕೇಳಿದ ದಿನ

ಅಮ್ಮಾ,

ನೀನು ಪ್ಯಾಕಿಂಗ್‌ನಲ್ಲಿ ದುಡಿದ ಬಿಸ್ಕತ್ತು ಕಾರ್ಖಾನೆಯಲ್ಲೇ ಇವತ್ತು ನನ್ನನ್ನು ಯೂನಿಯನ್ ಪ್ರತಿನಿಧಿ ಮಾಡಿದರು. "ನಿನ್ನ ಬಾಯಿ ಜೋರು, ನೀನೇ ಸರಿ" ಅಂತ ಪ್ಯಾಕಿಂಗ್ ಹೆಂಗಸರೆಲ್ಲ ಕೈ ಎತ್ತಿಬಿಟ್ಟರು. ನೀನಿದ್ದಿದ್ದರೆ "ಊರ ಉಸಾಬರಿ ನಿನಗ್ಯಾಕೆ?" ಅಂತ ಬೈಯುತ್ತಿದ್ದೆ.

ಮಧ್ಯಾಹ್ನವೇ ಮ್ಯಾನೇಜರ್ ಹತ್ತಿರ ಹೋಗಿ, ದಿನವಿಡೀ ನಿಂತೇ ದುಡಿಯುವ ಪ್ಯಾಕಿಂಗ್‌ನವರಿಗೆ ಕೂರಲು ಸ್ಟೂಲು ಬೇಕೆಂದೆ. ಜೋರು ಬಾಯಿ ಅಲ್ಲಿ ಮೆತ್ತಗಾಯಿತು.

"ಇಷ್ಟು ವರ್ಷ ಯಾರೂ ಕೇಳೇ ಇರಲಿಲ್ವಲ್ಲಮ್ಮ!" ಎಂದರು ಅವರು, ನಿಜವಾದ ಆಶ್ಚರ್ಯದಿಂದ.

"ಈಗ ಕೇಳ್ತಿದೀವಲ್ಲ, ಸಾರ್."

"ಸರಿ, ನಾಳೆಯಿಂದ ಹಾಕಿಸ್ತೀನಿ."

ಅಷ್ಟೇ, ಅಮ್ಮಾ. ಅಷ್ಟು ಸುಲಭವಾಗಿತ್ತು.

ಹೊರಗೆ ಎಲ್ಲರೂ ನಗುತ್ತಾ ಬೆನ್ನು ತಟ್ಟಿದರು. ನಾನು ನಲ್ಲಿ ಬಿಟ್ಟುಕೊಂಡು ಸುಮ್ಮನೆ ಮುಖ ತೊಳೆಯುತ್ತಾ ನಿಂತೆ. ನಿನ್ನ ಊದಿದ ಪಾದ ಒತ್ತುತ್ತಾ ಏನಾಯಿತೆಂದು ಕೇಳಿದಾಗಲೆಲ್ಲ, ನೀನು "ವಯಸ್ಸಾಯ್ತು ಕಣೇ" ಎನ್ನುತ್ತಿದ್ದೆ. ನಿನಗಾಗ ಈಗಿನ ನನ್ನಷ್ಟೂ ವಯಸ್ಸಾಗಿರಲಿಲ್ಲ.