ಟ್ರೇಲರಿನ ಮೂಕಿ ಹಗುರ ಮಾಡಿದ್ದು ನಾನು

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ತಾವು ನನ್ನ ಭಾವನಿಗೆ ಶಿಕ್ಷೆ ಕೊಟ್ಟಿದ್ದೀರಿ, ನನಗೆ ಕೊಟ್ಟಿಲ್ಲ. ಇದೇ ನನ್ನ ದೂರು. ನಿಮ್ಮ ಕಚೇರಿಗೆ ಬರುವ ದೂರುಗಳೆಲ್ಲ ಇದಕ್ಕೆ ತಿರುಗುಮುರುಗಾಗಿ ಇರುತ್ತವೆಂದು ಬಲ್ಲೆ. ಅನ್ಯಾಯವಾಗಿ ದಂಡ ಹಾಕಿದರು ಎಂದು ಗೋಳಾಡುವವರನ್ನು ಕಂಡು ಕಂಡು ತಮಗೆ ಸಾಕಾಗಿರಬಹುದು. ಅನ್ಯಾಯವಾಗಿ ಬಿಟ್ಟುಬಿಟ್ಟರು ಎಂದು ಗೋಳಾಡುವ ಒಬ್ಬನನ್ನೂ ಸ್ವಲ್ಪ ಸಹಿಸಿಕೊಳ್ಳಿ.

ಸೇತುವೆಯ ಇಳಿಜಾರಿನಲ್ಲಿ ಕನ್ನಡಿ ತುಂಬಿದ ಟ್ರೇಲರ್ ಮಗುಚಿಬಿದ್ದ ಪ್ರಕರಣ ತಮಗೆ ನೆನಪಿದ್ದರೆ ಸಂತೋಷ. ನೆನಪಿಲ್ಲದಿದ್ದರೆ ತಮ್ಮ ವರದಿಯನ್ನೇ ನೋಡಬಹುದು. 'ಚಾಲಕನ ಅತಿವೇಗ ಹಾಗೂ ಅಜಾಗರೂಕತೆ' ಎಂದು ಬರೆದು, ಮೂವತ್ತು ವರ್ಷ ಯಾರ ಗಾಡಿಗೂ ಒಂದು ಗೀರು ಹಾಕದ ಮನುಷ್ಯನ ಲೈಸೆನ್ಸನ್ನು ಅಮಾನತಿನಲ್ಲಿಟ್ಟಿದ್ದೀರಿ. ಆ ದಿನ ಅವರ ಪಕ್ಕದ ಸೀಟಿನಲ್ಲಿ ಕೂತಿದ್ದವನು ನಾನು. ಸ್ಪೀಡೋಮೀಟರಿನ ಮುಳ್ಳು ನಲವತ್ತು ದಾಟಿರಲಿಲ್ಲ. ಇದನ್ನು ಅಂದೇ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ ಎನ್ನುವುದೇ ಈ ಪತ್ರದ ಉಳಿದ ಭಾಗ.

ನನ್ನದು ಗಾಜಿನ ಕೆಲಸ. ಕಿಟಕಿ ಗಾಜು, ಕನ್ನಡಿ, ಅಂಗಡಿಗಳ ಮುಂಭಾಗದ ದೊಡ್ಡ ಹಲಗೆಗಳು, ಎಲ್ಲವನ್ನೂ ಅಳತೆಗೆ ಕತ್ತರಿಸಿ ಕೊಡುತ್ತೇನೆ. ಕೆಳಗೆ ಕಾರ್ಖಾನೆ, ಮೇಲೆ ಮನೆ. ಮನೆಯಲ್ಲಿ ಅಕ್ಕ, ಭಾವ ಮತ್ತು ನಾನು. ಕತ್ತರಿಸುವುದು ನನ್ನ ಕೆಲಸ, ಪಿಕಪ್ಪಿನಲ್ಲಿ ಸಾಗಿಸುವುದು ಭಾವನದು. ದೊಡ್ಡ ಗಾಜುಗಳು ಪಿಕಪ್ಪಿನ ಹಿಂಬದಿಯಲ್ಲಿ ಹಿಡಿಸದೇ ಹೋದಾಗ ಒಂದು ಟ್ರೇಲರ್ ಬೇಕಾಯಿತು. ಅದನ್ನು ಆರಿಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ, ಯಾರೂ ಹೊರಿಸಿದ್ದಲ್ಲ. ತಿಂಗಳುಗಟ್ಟಲೆ ಓದಿದೆ. ಟ್ರೇಲರನ್ನು ಸಿಕ್ಕಿಸುವ ಹಿಚ್ಚನ್ನು ಬಂಪರಿಗೆ ಬಿಗಿಯುವುದೋ, ಗಾಡಿಯ ಅಡಿಯ ಚೌಕಟ್ಟಾದ ಛಾಸಿಗೆ ಬಿಗಿಯುವುದೋ? ಛಾಸಿಗೇ, ಬಂಪರು ತಗಡು. ನಮ್ಮ ಪಿಕಪ್ ಎಷ್ಟು ಎಳೆಯಬಲ್ಲದು, ಹಿಚ್ ಎಷ್ಟು ತಡೆಯಬಲ್ಲದು, ಹಿಚ್ಚಿನ ಕಬ್ಬಿಣದ ಗುಂಡಿನ ಅಳತೆಯೂ ಅದರ ಮೇಲೆ ಕೂರುವ ಟ್ರೇಲರಿನ ಬಟ್ಟಲಿನ ಅಳತೆಯೂ ಕೂದಲೆಳೆಯಷ್ಟಾದರೂ ವ್ಯತ್ಯಾಸವಿಲ್ಲದೆ ಹೊಂದುತ್ತವೆಯೋ, ಹೀಗೆ ಊಟದ ಮಧ್ಯೆಯೂ ಇದೇ ಮಾತು. "ಮದುವೆಗೆ ಹೆಣ್ಣು ನೋಡಿದ್ರೂ ಇಷ್ಟು ವಿಚಾರಿಸ್ತಿರಲಿಲ್ಲ ಇವ್ನು," ಎಂದು ಅಕ್ಕ ನಗುತ್ತಿದ್ದಳು. ನೋಡುವ ಗೋಜಿಗೇ ಹೋಗದ ನಾನೂ ನಗುತ್ತಿದ್ದೆ.

ಟ್ರೇಲರಿನ ಮುಂದೆ ಚಾಚಿಕೊಂಡಿರುವ ಉದ್ದನೆಯ ಕಬ್ಬಿಣವನ್ನು ನಾವು ಗಾಡಿಯ ಹಳೇ ಮಾತಿನಲ್ಲಿ ಮೂಕಿ ಎನ್ನುತ್ತೇವೆ. ಅದರ ತುದಿಯನ್ನೇ ಎತ್ತಿ ಪಿಕಪ್ಪಿನ ಗುಂಡಿನ ಮೇಲೆ ಕೂರಿಸಬೇಕು. ಟ್ರೇಲರ್ ಮಾರಿದಾತ ಅದನ್ನು ತಟ್ಟಿ ತೋರಿಸಿ ಎರಡು ಮಾತು ಹೇಳಿದ್ದ. "ಸಾಮಾನು ಹೇರುವಾಗ ಮೂಕಿ ಮೇಲೆ ಸ್ವಲ್ಪ ಭಾರ ಇರ್ಲಿ ಸಾರ್, ಹತ್ತರಲ್ಲಿ ಒಂದು ಪಾಲಾದ್ರೂ. ಹಿಂದಕ್ಕೆ ಭಾರ ಬಿತ್ತೋ, ಗಾಡಿ ನಿಮ್ಮ ಮಾತು ಕೇಳಲ್ಲ." ಇದು ಮೊದಲನೆಯದು. "ಎತ್ತೋಕೆ ಕಷ್ಟ ಆಗುತ್ತೆ, ಮೂಕಿಗೆ ಒಂದು ಜಾಕಿ ಚಕ್ರ ಹಾಕಿಸ್ಕೊಂಡುಬಿಡಿ," ಇದು ಎರಡನೆಯದು. ಹಿಡಿ ತಿರುಗಿಸಿದರೆ ಮೂಕಿ ತಾನೇ ಮೇಲೇಳುವ ಪುಟ್ಟ ಚಕ್ರ ಅದು. ನಾನು ಎದೆಯುಬ್ಬಿಸಿ, "ನಾವಿಬ್ಬರು ಗಂಡಸರಿದ್ದೀವಲ್ಲ," ಎಂದೆ. ಆ ಇಬ್ಬರಲ್ಲಿ ದಿನಾ ಬೆಳಿಗ್ಗೆ ಬಗ್ಗಿ ಎತ್ತಬೇಕಾಗಿದ್ದವರು ಭಾವ ಒಬ್ಬರೇ. ನಾನು ಆ ಹೊತ್ತಿಗೆ ಗಾಜಿನ ಮೇಲೆ ಗೆರೆ ಎಳೆಯುತ್ತಿರುತ್ತಿದ್ದೆ.

ಭಾವನಿಗೆ ಸೊಂಟ ಹಿಡಿದುಕೊಂಡಿತು. ಅವರು ಬಾಯಿ ಬಿಟ್ಟು ಹೇಳುವವರಲ್ಲ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯತೊಡಗಿದ್ದನ್ನು ನಾನು ಕಂಡೆ. ಒಂದು ಮಧ್ಯಾಹ್ನ ಅವರು ಊಟಕ್ಕೆ ಮೇಲೆ ಹೋಗಿದ್ದಾಗ ಸ್ಪ್ಯಾನರ್ ತೆಗೆದುಕೊಂಡು, ಟ್ರೇಲರಿನ ಮೇಲೆ ಗಾಜು ಒರಗಿಸುವ ಸ್ಟ್ಯಾಂಡಿನ ನಾಲ್ಕು ಬೋಲ್ಟು ಬಿಚ್ಚಿದೆ. ಒಂದು ಮೊಳ ಹಿಂದಕ್ಕೆ ಸರಿಸಿ, ಹೊಸ ತೂತು ಕೊರೆದು ಬಿಗಿದೆ. ಗಾಜಿನ ಭಾರವೆಲ್ಲ ಹಿಂದಕ್ಕೆ ಹೋಗಿ ಮೂಕಿ ಹೂವಿನಷ್ಟು ಹಗುರವಾಯಿತು. ಊಟ ಮುಗಿಸಿ ಬಂದ ಭಾವ ಒಂದೇ ಕೈಯಲ್ಲಿ ಎತ್ತಿ ನೋಡಿ, "ನನ್ನ ಸೊಂಟ ಉಳಿಸ್ದೆ ಕಣೋ," ಎಂದರು. ಆ ದಿನ ನನಗಾದ ಹೆಮ್ಮೆ ಇಷ್ಟಷ್ಟಲ್ಲ. ಮಾರಿದಾತನ ಮೊದಲನೇ ಮಾತು ನೆನಪಿಗೆ ಬರಲಿಲ್ಲವೇ ಎಂದು ತಾವು ಕೇಳಬಹುದು. ಬಂತು. ಅಂಗಡಿಯವರು ಏನಾದರೂ ಹೇಳುತ್ತಲೇ ಇರುತ್ತಾರೆ ಎಂದುಕೊಂಡೆ.

ಅದಾದ ಮೇಲೆ ಭಾವ ಒಂದೆರಡು ಸಲ, "ಹಿಂದೆ ಯಾಕೋ ಬಾಲ ಆಡಿಸ್ತಿದೆಯಪ್ಪಾ ಇದು," ಎಂದರು. ನಾನು, "ಹೊಸದಲ್ವಾ ಭಾವ, ಅಭ್ಯಾಸ ಆಗುತ್ತೆ ಬಿಡಿ," ಎಂದೆ. ಮಾನ್ಯರೇ, ನನಗೆ ಗಾಡಿ ಓಡಿಸಲು ಬರುವುದಿಲ್ಲ. ಕಲಿತೇ ಇಲ್ಲ. ಸ್ಟೀರಿಂಗ್ ಹಿಡಿಯದ ನಾನು ಮೂವತ್ತು ವರ್ಷ ಹಿಡಿದವರಿಗೆ ಧೈರ್ಯ ಹೇಳಿದೆ. ಅವರು ಕೇಳಿದರು, ಯಾಕೆಂದರೆ ಟ್ರೇಲರಿನ ವಿಷಯ ಓದಿಕೊಂಡವನು ನಾನು ಎಂದು ಅವರು ನಂಬಿದ್ದರು.

ಆ ದಿನ ನೃತ್ಯಶಾಲೆಯೊಂದರ ಗೋಡೆಗೆ ಆಳೆತ್ತರದ ಕನ್ನಡಿಗಳನ್ನು ಒಯ್ಯುತ್ತಿದ್ದೆವು. ಸೇತುವೆ ಇಳಿಯುವಾಗ ಪಿಕಪ್ಪಿನ ಪಕ್ಕದ ಕನ್ನಡಿಯಲ್ಲಿ ಟ್ರೇಲರ್ ಒಮ್ಮೆ ಎಡಕ್ಕೆ ಕಾಣಿಸಿತು, ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿ ಸಲವೂ ಇನ್ನಷ್ಟು ಅಗಲವಾಗಿ. ಭಾವ ಬ್ರೇಕನ್ನು ತುಳಿಯಲಿಲ್ಲ, ಮೆಲ್ಲಗೆ ಒತ್ತಿದರು. "ಗಟ್ಟಿಯಾಗಿ ಹಿಡ್ಕೋ," ಎಂದರು, ಅಷ್ಟೇ. ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಿನ ಗಾಡಿಯನ್ನೇ ಪಕ್ಕಕ್ಕೆ ದೂಡಿತು. ಪಿಕಪ್ ಅಡ್ಡಡ್ಡ ತಿರುಗಿ ದೀಪದ ಕಂಬಕ್ಕೆ ಒರಗಿ ನಿಂತಿತು, ಟ್ರೇಲರ್ ಮಗ್ಗುಲಾಯಿತು. ಹಿಚ್ ಮಾತ್ರ ಕಳಚಲಿಲ್ಲ. ನಾನು ಅಷ್ಟು ನೋಡಿ ನೋಡಿ ಆರಿಸಿದ್ದಲ್ಲವೇ?

ಅಲ್ಲೇ ಪಕ್ಕದಲ್ಲಿ ಒಬ್ಬ ಹೊಲಿಗೆಯಮ್ಮನ ಅಂಗಡಿ. ಯಂತ್ರವನ್ನು ಬೆಳಕಿಗೆಂದು ಬಾಗಿಲ ಹೊರಗಿಟ್ಟುಕೊಂಡಿದ್ದರು. ದಾರದ ಉಂಡೆ ತರಲು ಆಗತಾನೇ ಎದ್ದು ಒಳಗೆ ಕಾಲಿಟ್ಟಿದ್ದರು. ಅವರು ಕೂರುತ್ತಿದ್ದ ಸ್ಟೂಲಿನ ಮೇಲೆ ಕನ್ನಡಿಯ ಅರ್ಧ ಭಾಗ ಬಂದು ಕೂತಿತ್ತು. ಹೊಸ್ತಿಲಲ್ಲಿದ್ದ ಅವರ ಪಾದಕ್ಕೆ ಒಂದು ಚೂರು ತಗುಲಿ ಹೊಲಿಗೆ ಹಾಕಿಸಬೇಕಾಯಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಆಕೆ, "ಊರಿಗೆಲ್ಲ ಹೊಲಿಗೆ ಹಾಕಿದ್ದೀನಿ, ನನಗೇ ಹಾಕಿಸ್ಕೊಂಡಿದ್ದು ಇದೇ ಮೊದಲು," ಎಂದು ನಕ್ಕು, "ಪಾಪ, ನಿಮ್ಮ ಡ್ರೈವರ್ ಹೆದರ್ಕೊಂಡಿರ್ತಾರೆ, ನಾನು ಹುಷಾರಾಗಿದ್ದೀನಿ ಅಂತ ಹೇಳಿ," ಎಂದರು. ನಾನು ಹೂಂ ಎಂದೆ. ಆ ಸ್ಟೂಲು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ಇನ್ನು ತಮ್ಮ ತಪಾಸಣೆಯ ವಿಷಯ. ತಾವು ಖುದ್ದಾಗಿ ಸೇತುವೆಯ ಬಳಿಗೇ ಬಂದಿರಿ, ಅದಕ್ಕೆ ಕೃತಜ್ಞ. ನಂಬರ್ ಪ್ಲೇಟಿನ ಅಕ್ಷರಗಳ ಎತ್ತರ ಅಳೆದಿರಿ. ಕೆಂಪು ದೀಪ ಉರಿಯುತ್ತದೆಯೇ ನೋಡಿದಿರಿ. ಮಗ್ಗುಲಾಗಿ ಬಿದ್ದಿದ್ದ ಟ್ರೇಲರಿನ ದೀಪ ಉರಿದದ್ದು ನಮಗೆಲ್ಲ ಸಮಾಧಾನ ತಂದಿತು. ಟೈರನ್ನು ಬೂಟಿನಿಂದ ಎರಡು ಸಲ ಒದ್ದಿರಿ. ಅದರಿಂದ ತಮಗೆ ಏನು ತಿಳಿಯಿತೆಂದು ಕೇಳುವ ಧೈರ್ಯ ಅಂದು ನನಗಾಗಲಿಲ್ಲ. ಆಮೇಲೆ ಟ್ರೇಲರನ್ನು ಎತ್ತಿ ನಿಲ್ಲಿಸಿದಾಗ ಅದರ ಮೇಲೆ ಹತ್ತಿ ನಿಂತಿರಿ. ತಮ್ಮ ಬೂಟಿನ ಪಕ್ಕದಲ್ಲೇ ನಾಲ್ಕು ಖಾಲಿ ತೂತುಗಳಿದ್ದವು. ಸ್ಟ್ಯಾಂಡ್ ಮೊದಲು ಎಲ್ಲಿತ್ತು, ಈಗ ಎಲ್ಲಿದೆ, ಯಾಕಿದೆ ಎಂದು ಆ ತೂತುಗಳು ಬಾಯಿ ತೆರೆದುಕೊಂಡೇ ಇದ್ದವು. ನಾನು ಅವುಗಳನ್ನೇ ನೋಡುತ್ತಿದ್ದೆ. ತಾವು ಕೈಗಡಿಯಾರ ನೋಡಿಕೊಂಡಿರಿ. ಒಂದು ಟ್ರೇಲರ್ ಮಗುಚಿದರೆ ಅದರಲ್ಲಿ ಭಾರವನ್ನು ಹೇಗೆ ಹೇರಲಾಗಿತ್ತು, ಯಾರು ಹೇರಿದರು ಎಂದು ಕೇಳಬೇಕೆಂದು ನಿಮ್ಮ ಇಡೀ ಇಲಾಖೆಯಲ್ಲಿ ಒಬ್ಬರಿಗೂ ಹೊಳೆಯುವುದಿಲ್ಲವೇ? ಎಳೆಯುವವನೊಬ್ಬ ಸಿಕ್ಕರೆ ಸಾಕೇ?

ವಿಚಾರಣೆಯ ದಿನ ಭಾವನ ನೀರಿನ ಬಾಟಲಿ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ತಾವು ಒಳಗೆ ಕರೆದು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಗಾಡಿ ಸರಿಯಾಗಿತ್ತಾ?"

"ಸರಿಯಾಗಿತ್ತು ಸಾರ್."

"ಹಂಗಾದ್ರೆ ಓಡಿಸಿದವರದ್ದೇ ತಪ್ಪು ಅಂತಾಯ್ತು."

ಗಾಡಿ ಸರಿಯಾಗಿತ್ತು ಎನ್ನುವುದು ಸುಳ್ಳಲ್ಲ. ಬ್ರೇಕು, ಟೈರು, ಹಿಚ್ಚು, ಎಲ್ಲ ಸರಿಯಾಗಿತ್ತು. ಒಂದು ಸುಳ್ಳನ್ನೂ ಹೇಳದೆ ಒಬ್ಬರ ಬದುಕು ಹಾಳು ಮಾಡಬಹುದು ಎಂದು ನನಗೆ ಗೊತ್ತಾದದ್ದು ತಮ್ಮ ಕಚೇರಿಯಲ್ಲೇ. ಅಷ್ಟರಲ್ಲಿ ಭಾವ, "ನಾನೇ ಹಿಡಿದಿದ್ದೆ ಸಾರ್ ಸ್ಟೀರಿಂಗು, ನಂದೇ ಜವಾಬ್ದಾರಿ," ಎಂದುಬಿಟ್ಟರು. ತಾವು ಪೆನ್ನಿನ ಮುಚ್ಚಳ ಹಾಕಿದಿರಿ.

ಈಗ ನಮ್ಮ ಮನೆಯ ಸ್ಥಿತಿ ಕೇಳಿ. ಬಾಡಿಗೆ ಡ್ರೈವರ್ ಒಬ್ಬ ಬಂದು ಸಾಮಾನು ಒಯ್ಯುತ್ತಾನೆ. ರಿಪೇರಿಯಾದ ಪಿಕಪ್ಪನ್ನು ಭಾವ ದಿನಾ ಬೆಳಿಗ್ಗೆ ಒರೆಸುತ್ತಾರೆ. ಬ್ಯಾಟರಿ ಸಾಯಬಾರದೆಂದು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಕೂತು, ಆರಿಸಿ ಇಳಿಯುತ್ತಾರೆ. ಗೇಟು ದಾಟುವುದಿಲ್ಲ. ಅಕ್ಕ ಊಟಕ್ಕೆ ಬಡಿಸುವಾಗ, "ನಿಧಾನ ಹೋಗಿ, ನಿಧಾನ ಹೋಗಿ ಅಂತ ಎಷ್ಟು ಬಡ್ಕೊಂಡೆ. ಆ ಅಮ್ಮನಿಗೆ ಏನಾದ್ರೂ ಆಗಿದ್ರೆ ಯಾರ ಮುಖಕ್ಕೆ ಮುಖ ಕೊಡ್ತಿದ್ರಿ?" ಎಂದು ಗಂಡನನ್ನು ಬೈಯಲು ಶುರುಹಚ್ಚಿಕೊಳ್ಳುತ್ತಾಳೆ. ಭಾವ ತಲೆ ತಗ್ಗಿಸಿ ಉಣ್ಣುತ್ತಾರೆ. ಅಕ್ಕ ನನ್ನ ಕಡೆ ತಿರುಗಿ, "ನೀನು ಉಳ್ಕೊಂಡಿದ್ದೇ ದೊಡ್ಡದು, ಎಷ್ಟು ಸೊರಗಿದ್ದೀಯ ನೋಡು," ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಾಳೆ. ನಾನು ಬೇಡ ಎನ್ನುವುದಿಲ್ಲ. ಬೇಡ ಎಂದರೆ ಯಾಕೆಂದು ಕೇಳುತ್ತಾಳೆ.

ಕೊನೆಗೆ ಕಳೆದ ವಾರ, ಭಾವ ಪಿಕಪ್ ಒರೆಸುತ್ತಿದ್ದಾಗ ಹೋಗಿ ನಿಂತೆ. ಸ್ಟ್ಯಾಂಡಿನ ವಿಷಯ, ಮಾರಿದಾತ ಹೇಳಿದ್ದ ವಿಷಯ, ಎಲ್ಲ ಹೇಳಿದೆ. ಅವರು ಬಟ್ಟೆ ಹಿಂಡುತ್ತಾ, "ಗೊತ್ತು," ಎಂದರು.

"ಯಾವಾಗ ಗೊತ್ತಾಯ್ತು?"

"ಬಿದ್ದ ಗಾಡೀನ ಎತ್ತಿ ನಿಲ್ಲಿಸ್ದಾಗ. ಆ ತೂತು ನೋಡ್ತಾ ನಿಂತಿದ್ದೆಯಲ್ಲ ನೀನು. ನಿನ್ನ ಮುಖ ನೋಡಿದೆ, ಲೆಕ್ಕ ಹೊಂದ್ತು."

"ಮತ್ತೆ ಯಾಕೆ ಹೇಳಲಿಲ್ಲ ನೀವು?"

"ಏನಂತ ಹೇಳ್ಲಿ? ನನ್ನ ಸೊಂಟ ನೋಯುತ್ತೆ ಅಂತ ಮಾಡಿದವನ ಮೇಲೆ ಹೋಗಿ ದೂರು ಹೇಳ್ಲಾ? ಬಾಲ ಆಡಿಸೋದು ನನಗೂ ಗೊತ್ತಾಗಿತ್ತು, ನಾನೂ ನಿಲ್ಲಿಸಿ ನೋಡ್ಲಿಲ್ಲ. ಬಿಡು. ನಿಮ್ಮಕ್ಕನಿಗೆ ಮಾತ್ರ ಹೇಳ್ಬೇಡ. ನನ್ನ ಬೈಯೋದು ಅವಳಿಗೆ ಅಭ್ಯಾಸ ಇದೆ. ನಿನ್ನ ಬೈಬೇಕಾದ್ರೆ ಅತ್ತುಬಿಡ್ತಾಳೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಎರಡು ಏಟು ಹಾಕಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಅವರು ಬಟ್ಟೆಯನ್ನು ಪಿಕಪ್ಪಿನ ಬಾಗಿಲ ಮೇಲೆ ಒಣಗಲು ಹಾಕಿ, ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟು. ನನ್ನ ಭಾವನ ಲೈಸೆನ್ಸನ್ನು ಹಿಂದಿರುಗಿಸಿ, ವರದಿಯಲ್ಲಿರುವ 'ಅತಿವೇಗ' ಎಂಬ ಪದವನ್ನು ಹೊಡೆದುಹಾಕಿ. ಅದರ ಜಾಗದಲ್ಲಿ 'ಭಾರವನ್ನು ತಪ್ಪಾಗಿ ಹೇರಿದ್ದು' ಎಂದು ಬರೆದು, ಹೇರಿದವನು ನಾನೆಂದು ಸೇರಿಸಿ. ಅದಕ್ಕೆ ಯಾವ ಕಲಮಿನಡಿ ಏನು ಶಿಕ್ಷೆಯಿದೆಯೋ ಹುಡುಕಿ ಕೊಡಿ. ಇಲ್ಲದಿದ್ದರೆ ಒಂದು ಕಲಮನ್ನೇ ಬರೆಯಿರಿ. ಅಕ್ಷರದ ಎತ್ತರಕ್ಕೆ ಕಲಮು ಬರೆದವರಿಗೆ ಇದೇನೂ ಕಷ್ಟವಲ್ಲ. ಇನ್ನು ಮುಂದೆ ಟ್ರೇಲರ್ ತಪಾಸಣೆಗೆ ಬರುವಾಗ ಟೈರಿಗೆ ಒದೆಯುವ ಮೊದಲು ಮೂಕಿಯ ಕೆಳಗೆ ಒಂದು ತೂಕದ ಯಂತ್ರವಿಡಿ. ಮನೆಗಳಲ್ಲಿ ಮೈ ತೂಕ ನೋಡಿಕೊಳ್ಳುವಂಥದ್ದು, ಅದರ ಮೇಲೊಂದು ಮರದ ತುಂಡು, ಅಷ್ಟು ಸಾಕು. ನಮ್ಮ ಟ್ರೇಲರ್ ಅಂಗಳದಲ್ಲೇ ಇದೆ, ತೂತುಗಳನ್ನು ಮುಚ್ಚಿಸಿಲ್ಲ. ಬಂದು ಬೆರಳು ಹಾಕಿ ನೋಡಬಹುದು.

ಇಷ್ಟನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಮಗೊಬ್ಬರಿಗೇ ಕಳಿಸಬಹುದಿತ್ತಲ್ಲ, ಪತ್ರಿಕೆಯಲ್ಲಿ ಯಾಕೆ ಎಂದು ತಮಗೆ ಅನ್ನಿಸಬಹುದು. ತಮ್ಮನ್ನು ಬೀದಿಗೆಳೆಯುವ ಆಸೆಯಿಂದಲ್ಲ. ನಮ್ಮ ಮನೆಯಲ್ಲಿ ಬೆಳಿಗ್ಗೆ ಈ ಪತ್ರಿಕೆಯನ್ನು ಮೊದಲು ಬಿಡಿಸುವವಳು ನನ್ನ ಅಕ್ಕ. ಬಿಡಿಸಿದ ಕೂಡಲೇ ಓದುಗರ ಪತ್ರಗಳನ್ನು ಗಟ್ಟಿಯಾಗಿ ಓದುತ್ತಾಳೆ. ಭಾವ ಚಹಾ ಕುಡಿಯುತ್ತಾ ಕೇಳುತ್ತಿರುತ್ತಾರೆ, ನಾನು ಎದುರಿಗೆ ಕೂತಿರುತ್ತೇನೆ. ಅವಳಿಗೆ ಹೇಳುವುದಿಲ್ಲ ಎಂದು ಭಾವನಿಗೆ ಮಾತು ಕೊಟ್ಟಿದ್ದೇನೆ, ಹೇಳುವ ಧೈರ್ಯವೂ ನನಗಿಲ್ಲ. ಈ ಪತ್ರವನ್ನೂ ಇಲ್ಲಿಯವರೆಗೆ ಅವಳೇ ಗಟ್ಟಿಯಾಗಿ ಓದಿಕೊಂಡು ಬಂದಿದ್ದಾಳೆ.

ಅಕ್ಕಾ, ಇನ್ನು ಅವರನ್ನು ಬೈಯಬೇಡ.

ಇಂತಿ,
ಎದುರಿಗೆ ಕೂತಿರುವ ನಿನ್ನ ತಮ್ಮ,
ಮತ್ತು ಮಾನ್ಯರೇ, ತಮ್ಮ ಕರೆಗೆ ಕಾಯುತ್ತಿರುವ, ಗಾಡಿ ಓಡಿಸಲು ಬಾರದ ಗಾಜಿನವನು